ಇಬ್ಬರ ಬಟ್ಟಲಿನ ಹತ್ತು ಮಣಿ

ಪಾತ್ರೆಯ ತಳ ಕಾಣುವವರೆಗೆ ನನ್ನ ಕೈಗೆ ಸಮಾಧಾನವಿಲ್ಲ. ಏಳನೆಯ ತರಗತಿಗೇ ನಮಸ್ಕಾರ ಹೇಳಿ ಅಪ್ಪ ಅಮ್ಮನೊಡನೆ ಉಡುಪಿ ಕಡೆಯಿಂದ ಬಂದು, ಭಾಂಡುಪಿನ ಹೋಟೆಲೊಂದರಲ್ಲಿ ಕಾವಲಿಯ ಮುಂದೆ ನಿಂತ ನನಗೆ ಸಿಕ್ಕಿದ ವಿದ್ಯೆ ಒಂದೇ: ಉಳಿದ ದೋಸೆಹಿಟ್ಟು ಈ ಊರಿನ ಸೆಕೆಗೆ ನಾಳೆ ಹುಳಿಯಾಗುತ್ತದೆ, ಇದ್ದದ್ದನ್ನು ಇವತ್ತೇ ಹೊಯ್ದು ಮುಗಿಸು. ಈ ವೇದಾಂತ ಲೋಕದ ಎಲ್ಲ ವ್ಯವಹಾರಕ್ಕೂ ನಡೆಯುತ್ತದೆಂದು ನಂಬಿದ್ದೆ. ನಡೆಯುವುದಿಲ್ಲವೆಂದು ತಿಳಿದದ್ದು ಆಟವೊಂದರಲ್ಲಿ, ಅದೂ ತಂಗಿಯ ಖರ್ಚಿನಲ್ಲಿ.

ತಂಗಿ ಪ್ರತಿಮಾ ಇಲ್ಲಿಯೇ ಹುಟ್ಟಿದವಳು, ಕಾಲೇಜಿಗೆ ಹೋಗುವವಳು. ಅವಳಿಗೆ ಇಸ್ಪೀಟಲ್ಲದ ಇಸ್ಪೀಟಿನ ಹುಚ್ಚು. ಡ್ರಾಗನ್, ಮಾಂತ್ರಿಕ, ಕೋಟೆ ಎಂದು ಚಿತ್ರ ಬರೆದ ಕಾರ್ಡುಗಳು; ಎರಡು ಕೊಟ್ಟು ಒಂದು ಪಡೆದು, ಗೆಳತಿಯರೊಡನೆ ಅದಲುಬದಲು ಮಾಡಿ ವರ್ಷಗಟ್ಟಲೆ ಕೂಡಿಸಿದವು. ಜೋಡಿ ಆಟದಲ್ಲಿ ಇಬ್ಬರಿಗೂ ಸೇರಿ ಬಟ್ಟಲಲ್ಲಿ ಹತ್ತು ಗಾಜಿನ ಮಣಿ. ಕಾರ್ಡ್ ಇಳಿಸಬೇಕಾದರೆ ಅದರ ಮೇಲೆ ಬರೆದಷ್ಟು ಮಣಿ ಕೊಡಬೇಕು. ಮುಗಿದರೆ ಮುಗಿಯಿತು. ಆಟದ ನಡುವೆ ಜೊತೆಗಾರರು ಪರಸ್ಪರ ಮಾತಾಡುವಂತಿಲ್ಲ.

ಅವಳ ಜೊತೆಗಾತಿ ಮಾನಸಿಗೆ ಜ್ವರ ಬಂದ ಭಾನುವಾರವೇ ಮಲಾಡಿನಲ್ಲಿ ಪಂದ್ಯ. ಗೆದ್ದ ಜೋಡಿಗೆ ಪುಣೆಯ ದೊಡ್ಡ ಪಂದ್ಯದಲ್ಲಿ ಜಾಗ. "ಅಣ್ಣ, ನೀನು ಚಲ್ ನಾ. ಬರೀ ಕೂತ್ಕೋ, ದಿಮಾಗ್ ನಾನು ಚಲಾಯಿಸ್ತೇನೆ," ಎಂದಳು. ದಾದರಿನಲ್ಲಿ ಲೋಕಲ್ ರೈಲು ಬದಲಿಸುವಾಗಲೂ ಪಾಠ ನಡೆದೇ ಇತ್ತು. "ಮಣಿ ಪೂರಾ ಖತಮ್ ಮಾಡ್ಬೇಡ. ಲಾಸ್ಟಿಗೆ ಮೂರು ನನಗೆ ಬೇಕೇ ಬೇಕು." ಎಣ್ಣೆ ಕಡಿಮೆ ಹಾಕಿ ಎನ್ನುವ ಗಿರಾಕಿಗೆ ಹೇಗೆ ತಲೆಯಾಡಿಸುತ್ತೇನೋ, ಹಾಗೆಯೇ ಆಡಿಸಿದೆ.

ಅವಳ ಆಟ ನೀವು ನೋಡಬೇಕಿತ್ತು. ಎದುರಿನವರು ಮಣಿ ಸುರಿದು ಗದ್ದಲವೆಬ್ಬಿಸಿದಾಗ ಇವಳು ಒಂದೇ ಮಣಿ ತೆಗೆದು, ಬೆರಳಲ್ಲಿ ಸ್ವಲ್ಪ ಹೊತ್ತು ಹಿಡಿದು, ಬೇಕೋ ಬೇಡವೋ ಎಂದು ಯೋಚಿಸಿ ಇಡುತ್ತಿದ್ದಳು. ಮನೆಯಲ್ಲಿ ಮೊಬೈಲನ್ನು ಎಲ್ಲಿಟ್ಟೆನೆಂದು ದಿನಕ್ಕೆ ಹತ್ತು ಸಲ ಹುಡುಕುವ ಹುಡುಗಿ ಇವಳೇ ಏನು ಎಂದು ನನಗೆ ಬೆರಗು. ಅವಳ ಪುಣ್ಯದಿಂದ ಎರಡು ಆಟ ಗೆದ್ದೆವು.

ಕೊನೆಯ ಆಟದಲ್ಲಿ ಬಟ್ಟಲಲ್ಲಿ ಆರು ಮಣಿಗಳಿದ್ದವು. ನನ್ನ ಸರದಿ. ಎದುರಿಗಿದ್ದದ್ದು ಬಡಪಾಯಿ ತೋಳದ ಕಾರ್ಡೊಂದು. ಎರಡು ಮಣಿಯ ಬೇಟೆಗಾರ ಸಾಕಿತ್ತು. ಆದರೆ ನನ್ನ ಕೈಯಲ್ಲಿ ಆರು ಮಣಿಯ ಡ್ರಾಗನ್ ಹೊಳೆಯುತ್ತಿತ್ತು, ಬಟ್ಟಲಲ್ಲಿ ಸರಿಯಾಗಿ ಆರೇ ಇದ್ದವು, ಮತ್ತು ಇಪ್ಪತ್ತು ವರ್ಷ ಕಾವಲಿಯ ಮುಂದೆ ಪಳಗಿದ ಕೈ ತಲೆಯನ್ನು ಕೇಳಲಿಲ್ಲ. ಎಲ್ಲವನ್ನೂ ಸುರಿದು, ಯಾರಾದರೂ ಭೇಷ್ ಎನ್ನುತ್ತಾರೇನೋ ಎಂದು ಸುತ್ತ ನೋಡಿದೆ. ಪ್ರತಿಮಾ ಖಾಲಿ ಬಟ್ಟಲನ್ನು ಒಮ್ಮೆ ನೋಡಿದಳು, ಅಷ್ಟೆ. ಮುಂದಿನ ಸರದಿಯಲ್ಲಿ ಎದುರಾಳಿಗಳ ಬೆಂಕಿ ಬಂತು. ಅದನ್ನು ತಡೆಯುವ ಕೋಟೆ ಅವಳ ಕೈಯಲ್ಲಿತ್ತು; ಬೆಲೆ ಮೂರು ಮಣಿ. ಸೋತ ಮೇಲೆ ಆ ಕಾರ್ಡನ್ನು ನನಗೆ ಕಾಣದಂತೆ ಕಟ್ಟಿನೊಳಗೆ ಸೇರಿಸಿದಳು. ಆದರೂ ನನಗೆ ಕಂಡಿತು.

ವಾಪಸು ಬರುವಾಗ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಮಾನಸಿಯ ಫೋನು. ಪ್ರತಿಮಾ ಸೋಲಿನ ಕಥೆ ಹೇಳುತ್ತಿದ್ದಂತೆ ಸ್ಪೀಕರಿನಲ್ಲಿ ಕೇಳಿಸಿತು: "ಅರೆ, ಛೇ ಕೇ ಛೇ ಮಣಿ ಕಿಸ್ನೇ ಉಡಾಯೇ?" ಆರಕ್ಕೆ ಆರೂ ಹಾರಿಸಿದ್ದು ಯಾರೆಂಬ ಪ್ರಶ್ನೆ. ತಂಗಿ ತಡವರಿಸಲಿಲ್ಲ. "ಹಮ್ ದೋನೋನೇ," ಎಂದಳು. ನಾವಿಬ್ಬರೂ! ನಾನು ಇಂಡಿಕೇಟರಿನಲ್ಲಿ, ನಾವು ಹತ್ತಬೇಕಿಲ್ಲದ ರೈಲಿನ ಸಮಯವನ್ನು ಬಹಳ ಶ್ರದ್ಧೆಯಿಂದ ಓದುತ್ತ ನಿಂತೆ. ಮಣಿ ಸುರಿದದ್ದು ದಡ್ಡತನ. ಅದಕ್ಕೆ ಕ್ಷಮೆ ಇರಬಹುದು. ಆ ಓದಿಗೆ ಇಲ್ಲ.

ಮೊನ್ನೆ ಮಾನಸಿ ನಮ್ಮ ಹೋಟೆಲಿಗೆ ಬಂದಳು. ತಡೆಯಲಾರದೆ ಹೊರಗೆ ಬಂದು, ಆರೂ ಮಣಿ ಹಾಕಿದ್ದು ನಾನೊಬ್ಬನೇ ಎಂದು ಹಿಂದಿಯಲ್ಲಿ ಒಪ್ಪಿಕೊಂಡೆ. ಅವಳು ಚಟ್ನಿಯಿಂದ ತಲೆಯೆತ್ತದೆ, "ಮಾಲೂಮ್ ಹೈ ಭೈಯ್ಯಾ. ಪ್ರತಿಮಾ ಐಸಾ ಖೇಲ್ತೀ ಹೈ ಕ್ಯಾ?" ಎಂದಳು. ಪ್ರತಿಮಾ ಹಾಗೆ ಆಡುವವಳಲ್ಲವೆಂದು ಊರಿಗೇ ಗೊತ್ತಿತ್ತು. ಅಂದು ಪ್ಲಾಟ್‌ಫಾರ್ಮಿನಲ್ಲಿ ಬಾಯಿ ಬಿಡದೆ ನಿಂತದ್ದನ್ನು ತಂಗಿಯಲ್ಲಿ ಒಪ್ಪಿಕೊಳ್ಳುವುದು ಮಾತ್ರ ಬಾಕಿ. ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದೆ. ತಿಂಗಳುಗಟ್ಟಲೆ ನುಂಗಿದ್ದ ಮಾತಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಭಾನುವಾರ ಛುಟ್ಟಿ ತಕೋ ಅಣ್ಣ," ಎಂದಳು. "ನಿನಗೆ ಪ್ರಾಕ್ಟೀಸ್ ಬೇಕು."