ಎಡಗಾಲಿಗೆ ಸೀರೆಯ ಅಂಚು ಕಟ್ಟಿದವನು

ಅಜ್ಜಿ, ನಮ್ಮ ಮನೆಯ ಗೋಡೆಯ ಮೇಲೆ ತೂಗುತ್ತಿರುವುದು ನಿಮ್ಮ ಗಂಡನ ಮುಖವಲ್ಲ. ನಿಮಗೆ ಸುಳ್ಳು ಹೇಳಿದವಳು ನಾನು — ನಿಮ್ಮ ಮೊಮ್ಮಗನ ಹೆಂಡತಿ, ದಿನಾ ಬೆಳಿಗ್ಗೆ ನಿಮ್ಮ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದವಳು. ನೀವು ಹೋಗಿ ಎಷ್ಟೋ ವರ್ಷವಾಯಿತು. ಆದರೂ ನಿಮಗೆ ಹೇಳಲೇಬೇಕು.

ನಾನು ಮದುವೆಯಾಗಿ ಈ ಮರಾಠಿ ಊರಿಗೆ, ಶಿವಾಜಿನಗರದ ಆ ಹಳೇ ವಾಡೆಗೆ ಬಂದ ವರ್ಷ ಅದು. ಹಿರಿಯರಿಗೆ ಎಡೆ ಇಡುವ ಪಕ್ಷಮಾಸ ಹತ್ತಿರವಾಗಿತ್ತು. ಅದುವರೆಗೆ ನೀವು ಅಜ್ಜನ ಹೆಸರಿನಲ್ಲಿ ಒಂದು ತಾಮ್ರದ ತಂಬಿಗೆ ಇಟ್ಟು, ಅದರ ಮುಂದೆಯೇ ಎಡೆ ಬಡಿಸುತ್ತಿದ್ದಿರಿ. ಆ ವರ್ಷ ನನ್ನನ್ನು ಕರೆದು ಅಂದಿರಿ: "ತಂಬಿಗಿಗೆ ಇನ್ನ ಎಷ್ಟು ವರ್ಷ ಹೋಳಿಗಿ ಉಣ್ಣಸಲೆ? ನೀ ಕಲತಾಕಿ. ಟ್ರಂಕಿನಾಗ ಟೀಮಿನ ಫೋಟೋ ಅದ. ಅದರಾಗಿಂದ ಅವರದೊಂದು ದೊಡ್ಡದು ಮಾಡಿಸಿಕೊಂಡು ಬಾರವಾ."

ನಿಮ್ಮ ಎರಡೂ ಕಣ್ಣು ಆಗಲೇ ಪೂರ್ತಿ ಹೋಗಿದ್ದವು. ಮಾವನವರು ಅಜ್ಜ ಹೋದಾಗ ತೊಟ್ಟಿಲ ಕೂಸು. ಅವರಿಗೆ ತಂದೆಯ ಮುಖವೇ ಗೊತ್ತಿರಲಿಲ್ಲ. ಆ ಫೋಟೋದಲ್ಲಿ ಅಜ್ಜ ಯಾರೆಂದು ಗೊತ್ತಿದ್ದದ್ದು ನಿಮ್ಮೊಬ್ಬರಿಗೇ. ನೀವು ಗುರುತು ಹೇಳಿದಿರಿ — ಕುಳಿತವರ ಸಾಲಿನ ತುದಿಗೆ, ಎಡಗಾಲಿಗೆ ನಿಮ್ಮ ಸೀರೆಯ ಅಂಚು ಸುತ್ತಿಕೊಂಡವನು.

ಆ ಕಾಲಿನ ಕತೆಯನ್ನು ನಾನು ಬದನೆಕಾಯಿ ಹೆಚ್ಚುತ್ತ, ಅಕ್ಕಿ ಆರಿಸುತ್ತ ನಿಮ್ಮಿಂದಲೇ ಕೇಳಿದ್ದೆ. ಗದಗಿನ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದ ಅಜ್ಜ ಹಗಲು ಖಡಕಿಯ ಕಾರ್ಖಾನೆಯಲ್ಲಿ ದುಡಿದು, ಸಂಜೆ ಬರಿಗಾಲಲ್ಲಿ ಫುಟ್ಬಾಲ್ ಆಡುತ್ತಿದ್ದರು. ಎದುರಿಗೆ ಬೂಟು ಹಾಕಿದ ಗೋರಾ ಸಿಪಾಯಿಗಳು. ಒಮ್ಮೆ ಒಬ್ಬನ ಬೂಟಿನಡಿ ಎಡಗಾಲ ಹರಡು ಸಿಕ್ಕು ಉಳುಕಿತು. ಆಮೇಲೆ ಪ್ರತಿ ಆಟಕ್ಕೂ ನೀವೇ ನಿಮ್ಮ ಹಳೇ ಸೀರೆಯ ಅಂಚು ಹರಿದು, ಬಿಗಿಯಾಗಿ ಸುತ್ತಿ ಕಳಿಸುತ್ತಿದ್ದಿರಿ. ಚೆಂಡು ಒದೆಯುವ ಮುಂಚೆ ಅಜ್ಜ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರಂತೆ, ದೇವರ ಮುಂದೆ ನಿಂತ ಹಾಗೆ. ನೋಡುವ ಮಂದಿ ಸುಮ್ಮನಿರುತ್ತಾರೆಯೇ? "ಏ ಕುಂಭಕರ್ಣಾ, ಬೆಳಗಾತೋ, ಏಳೋ!"

"ಅವರು ಒದರೂದ್ರಾಗ ಚೆಂಡು ಗೋಲಿನಾಗ ಇರತಿತ್ತು," ಎಂದು ನೀವು ನಗುತ್ತಿದ್ದಿರಿ. ಆ ನಗು ನನಗೆ ಇವತ್ತಿಗೂ —

ಯುದ್ಧ ಬಂದಾಗ ಅಜ್ಜ ಫೌಜಿಗೆ ಹೋದರು, ಗಾಯಗೊಂಡವರನ್ನು ಸಾಗಿಸುವ ಲಾರಿಯ ಡ್ರೈವರಾಗಿ. "ಎಡಗಾಲು ಚಲೋ ಅದ, ಕ್ಲಚ್ ಒತ್ತಲಿಕ್ಕೆ ಬೇಕಾಗೇದ ಅಂತ," ಎಂದು ನಿಮಗೆ ಚೇಷ್ಟೆ ಮಾಡಿ ಹೋದವರು ತಿರುಗಿ ಬರಲಿಲ್ಲ. ಬರ್ಮಾ ಗಡಿಯ ಗುಡ್ಡದ ದಾರಿಯಲ್ಲಿ ನೆಲ ಕುಸಿಯಿತು. ಅಜ್ಜ ಮೊದಲು ಹೊರಗೆ ಹಾರಿದ್ದರು. ಹಿಂದೆ ಮಲಗಿದ್ದವರನ್ನು ಎಳೆಯಲು ಮತ್ತೆ ಒಳಗೆ ಹೋದರು. ಲಾರಿ ಅವರನ್ನೂ ಕರೆದುಕೊಂಡು ಕೆಳಗೆ ಹೋಯಿತು. ಜೊತೆಗಿದ್ದವನೊಬ್ಬ ಮನೆಗೆ ಬಂದು ಹೇಳಿದ್ದು ಇಷ್ಟು. "ಒಳಗ ಹೋಗೂ ಮುಂದನೂ ಒಂದಿಷ್ಟು ಕಣ್ಣು ಮುಚ್ಚಿರತಾರ," ಎಂದು ನೀವು ಪ್ರತಿ ಸಲ ಸೇರಿಸುತ್ತಿದ್ದಿರಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಗೆ ಮಾಡಿದೆ.

ಟ್ರಂಕಿನಿಂದ ಫೋಟೋ ತೆಗೆದಾಗ ತುದಿಯವನು ಕೂಡಲೇ ಸಿಕ್ಕ. ಕಾಲಿಗೆ ಬಟ್ಟೆ ಇತ್ತು. ಸಣಕಲು ಮೈ, ತುಸು ಮುಂದೆ ಬಂದ ಹಲ್ಲು, ಅರ್ಧ ತೆರೆದ ಬಾಯಿ — ಮತ್ತು ಕ್ಯಾಮೆರಾದವನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡ ಎರಡು ಕಣ್ಣು. ನಡುವೆ ಚೆಂಡು ಹಿಡಿದು ಕುಳಿತವನು ಎದೆ ಸೆಟೆಸಿ ನೇರ ನೋಡುತ್ತಿದ್ದ. ಹುರಿ ಮೀಸೆ, ಎತ್ತರದ ಮೂಗು. ಪಕ್ಷಕ್ಕೆ ನನ್ನ ತವರಿನವರು ಬರುವವರಿದ್ದರು. ನಮ್ಮ ಅಪ್ಪನಿಗೆ ನಾನು ಆಗಲೇ ದೊಡ್ಡದಾಗಿ ಹೇಳಿಕೊಂಡಿದ್ದೆ, ನಮ್ಮ ಅಜ್ಜಮಾವ ಯುದ್ಧದಲ್ಲಿ ಪ್ರಾಣ ಕೊಟ್ಟವರು ಎಂದು. ಆ ಬಾಯಿಬಿಟ್ಟ ಮುಖವನ್ನು ಅವರಿಗೆ ತೋರಿಸಲು ನನಗೆ ನಾಚಿಕೆಯಾಯಿತು.

ಸ್ಟುಡಿಯೋದವನು ಮರಾಠಿಯಲ್ಲಿ, ಇದರಲ್ಲಿ ಯಾರು ವಹಿನಿ, ಎಂದು ಕೇಳಿದ. ನನ್ನ ಬೆರಳು ತುದಿಯ ತನಕ ಹೋಗಿತ್ತು. ಹಿಂದೆ ಬಂತು. ನಡುವಿನವನ ಮೇಲೆ ನಿಂತಿತು.

ಕಟ್ಟು ಹಾಕಿಸಿ ತಂದ ಫೋಟೋವನ್ನು ನೀವು ತೊಡೆಯ ಮೇಲಿಟ್ಟುಕೊಂಡು ಗಾಜನ್ನು ಸವರಿದಿರಿ. ಆಮೇಲೆ ಕೇಳಿದಿರಿ: "ಕಣ್ಣು ಮುಚ್ಚ್ಯಾವೇನ ಇನ್ನೂ? ಆ ಫೋಟೋದಾಗ ಮುಚ್ಚಿದ್ವಲ್ಲ."

ಅಲ್ಲೇ ಹೇಳಬಹುದಿತ್ತು. ನಾನು ಅಂದೆ — "ಇಲ್ರಿ ಅಜ್ಜಿ. ಈಗಿನ ಸ್ಟುಡಿಯೋದವರು ತಿದ್ದತಾರ್ರಿ. ಕಣ್ಣು ತೆರಸ್ಯಾರ. ನಿಮ್ಮನ್ನ ನೋಡಲಿಕ್ಕತ್ತಾರ."

ನಿಮ್ಮ ಕೈ ಗಾಜಿನ ಮೇಲೆ ನಿಂತಿತು. "ಹೌದಾ?" ಎಂದಿರಿ. ಅಷ್ಟೇ. ಆದರೆ ಮರುದಿನದಿಂದ ಪಡಸಾಲೆಗೆ ಬರುವ ಮುಂಚೆ ಅಂಗೈ ಒದ್ದೆ ಮಾಡಿಕೊಂಡು ಕೂದಲು ಸರಿಪಡಿಸಿಕೊಳ್ಳತೊಡಗಿದಿರಿ. ಸೆರಗು ಎಳೆದುಕೊಳ್ಳುತ್ತಿದ್ದಿರಿ. ಕಡೆಯ ತನಕ ಅದು ತಪ್ಪಲಿಲ್ಲ. ಯಾರೋ ಅಪರಿಚಿತನ ಎದುರು, ಅಜ್ಜಿ! ನಾನು ಒಲೆಯ ಮುಂದಿನಿಂದ ನೋಡುತ್ತಿದ್ದೆ, ನೋಡಿ ಹಾಲು ಕಾಯಿಸುತ್ತಿದ್ದೆ.

ಆ ನಡುವಿನವನು ಯಾರು, ನಾನು ನಿಮ್ಮನ್ನು ಕೇಳಲೇ ಇಲ್ಲ. ಕೇಳಿದರೆ ಎಲ್ಲಿ ಬಯಲಾಗುತ್ತದೋ ಎಂಬ ಭಯ. ಅವನು ಆಗ ಇನ್ನೂ ಬದುಕಿದ್ದಿರಬಹುದು — ಎಲ್ಲೋ ಮೊಮ್ಮಕ್ಕಳ ಜೊತೆ ಚಹಾ ಕುಡಿಯುತ್ತ. ನಾವು ಅವನ ಕೊರಳಿಗೆ ಗಂಧದ ಹಾರ ಹಾಕಿ, ಸತ್ತವರ ಎಡೆ ಬಡಿಸಿದೆವು. ಇತ್ತ ನಿಮ್ಮ ಗಂಡ ಟ್ರಂಕಿನಲ್ಲಿ, ಹಳೇ ಚಾದರಗಳ ಕೆಳಗೆ, ಹಸಿದುಕೊಂಡು.

ವಾಡೆ ಬಿಟ್ಟು ನಿಗಡಿಯ ಫ್ಲ್ಯಾಟಿಗೆ ಬಂದಾಗ ಆ ಮುಖವೂ ಬಂತು. ನಿಮ್ಮ ಮೊಮ್ಮಗ ಬಂದವರಿಗೆಲ್ಲ, "ನೋಡ್ರಿ, ನಮ್ಮ ಅಜ್ಜನ ಮೂಗು ನನಗ ಬಂದದ," ಎಂದು ಪಕ್ಕಕ್ಕೆ ತಿರುಗಿ ತೋರಿಸುತ್ತಿದ್ದರು. ನಾನು ಬಂದವರಿಗೆ ಅವಲಕ್ಕಿ ಕೊಡುತ್ತಿದ್ದೆ.

ಈಗ ಖಡಕಿಯಲ್ಲಿ ಅಜ್ಜ ಆಡುತ್ತಿದ್ದ ಮೈದಾನದ ಗೋಡೆಗೆ ಹಳೇ ಆಟಗಾರರ ಚಿತ್ರ ಬರೆಯುತ್ತಿದ್ದಾರೆ. ಪೇಂಟರ್ ಮನೆಗೆ ಬಂದು ಪಡಸಾಲೆಯ ಆ ಫೋಟೋದ ಚಿತ್ರ ಮೊಬೈಲಿನಲ್ಲಿ ತೆಗೆದುಕೊಂಡು ಹೋದ. ಅಲ್ಲಿಯ ತನಕ ಸುಳ್ಳು ನಮ್ಮ ಪಡಸಾಲೆಯೊಳಗಿತ್ತು. ಇನ್ನು ಅದು ಬೀದಿಯ ಗೋಡೆ ಏರುತ್ತದೆ. ಅಜ್ಜನ ಹೆಸರಿನ ಮೇಲೆ ಇನ್ನೊಬ್ಬನ ಮುಖ, ಬಣ್ಣ ಕಳಚುವ ತನಕ. ಅವತ್ತು ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಇವರಿಗೆ ಎಲ್ಲ ಹೇಳಿದೆ.

ಇವರು ತಮ್ಮ ಮೂಗು ಮುಟ್ಟಿಕೊಂಡರು. "ಮೂಗು?" ಎಂದರು, ಮೆಲ್ಲಗೆ. ಅಲ್ಲವೆಂದು ತಲೆ ಅಲ್ಲಾಡಿಸಿದೆ. ಆಮೇಲೆ ಟ್ರಂಕು ತೆರೆದು, ತುದಿಗೆ ಕುಳಿತವನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಅಜ್ಜಿಗೆ ಗೊತ್ತಿತ್ತೇನು?" ಎಂದು ಕೇಳಿದರು. ನೀವು "ಹೌದಾ?" ಎಂದ ದನಿಯಲ್ಲಿ ಏನಿತ್ತು — ನಂಬಿಕೆಯೋ, ಹೊಸ ಸೊಸೆಯ ಮರ್ಯಾದೆ ಕಾಯುವ ದೊಡ್ಡತನವೋ — ನನಗೆ ಇನ್ನು ತಿಳಿಯುವ ದಾರಿಯಿಲ್ಲ. ಇವರು ಅವತ್ತು ನನ್ನ ಕೈಯ ರೊಟ್ಟಿ ಉಣ್ಣಲಿಲ್ಲ. ಅದು ಸರಿಯೇ.

ನಿನ್ನೆ ನಾನೊಬ್ಬಳೇ ಬಸ್ಸು ಹತ್ತಿ ಟೀಮಿನ ಫೋಟೋ ಹಿಡಿದು ಖಡಕಿಗೆ ಹೋದೆ. ಪೇಂಟರ್ ಗೋಡೆಗೆ ಸುಣ್ಣ ಹಚ್ಚಿ, ಮೀಸೆಯ ಗೆರೆ ಎಳೆದಾಗಿತ್ತು. ಒರೆಸಿಹಾಕು ಎಂದೆ. ತುದಿಯವನನ್ನು ತೋರಿಸಿದೆ. ಅವನು ಫೋಟೋ ನೋಡಿ, ನನ್ನನ್ನು ನೋಡಿ, ಮರಾಠಿಯಲ್ಲಿ ಸಮಾಧಾನ ಮಾಡಿದ: "ಇದಕ್ಯಾಕೆ ಚಿಂತೆ ಕಾಕೂ? ಕಣ್ಣು ನಾನು ತೆರೆಸ್ತೀನಿ. ಸಣ್ಣ ಕೆಲಸ."

ನಾನು ನಿಮಗೆ ಹೇಳಿದ ಸುಳ್ಳು ನಿಜವಾಗಿ ನನ್ನ ಮುಂದೆ ಬಂದು ನಿಂತಿತ್ತು, ಅಜ್ಜಿ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಬೇಡ," ಎಂದೆ. ಮಂದಿ ನಗುತ್ತಾರೆ, ನಿದ್ದೆ ಮಾಡುವ ಆಟಗಾರ ಯಾರೆಂದು ಕೇಳುತ್ತಾರೆ, ಎಂದ. ಕೇಳಲಿ. ಪರದೆ ಸರಿಸುವ ದಿನ ಆ ಗೋಡೆಯ ಪಕ್ಕ ನಾನು ನಿಲ್ಲುತ್ತೇನೆ. ಚೆಂಡು ಒದೆಯುವ ಮುಂಚಿನ ಗಳಿಗೆಯ ಬಗ್ಗೆ ಹೇಳುತ್ತೇನೆ, ಲಾರಿಯ ಬಗ್ಗೆ ಹೇಳುತ್ತೇನೆ, ನಾನು ಮಾಡಿದ್ದನ್ನೂ ಹೇಳುತ್ತೇನೆ. ನಡುವಿನವನ ಕೊರಳಿನ ಹಾರ ತೆಗೆದಿದ್ದೇನೆ. ಅವನ ಮನೆಯವರು ಯಾರೆಂದು ಆ ಮೈದಾನದ ಸುತ್ತಲಿನ ಮನೆಗಳಲ್ಲಿ ವಿಚಾರಿಸುತ್ತೇನೆ.

ಪಕ್ಷಕ್ಕೆ ಈ ಸಲ ಶೇಂಗಾ ಹೋಳಿಗೆ. ಎಡೆ ತುದಿಯವನ ಮುಂದೆ.

ಕಣ್ಣು ಮುಚ್ಚ್ಯಾವೇನ ಇನ್ನೂ ಎಂದು ಕೇಳಿದ್ದಿರಲ್ಲ.

ಹೌದ್ರಿ ಅಜ್ಜಿ. ಮುಚ್ಚ್ಯಾವ.