ನಲವತ್ತು ನಿಮಿಷದ ದೂರು

ಆ ಜನರ ವಿಷಯ ವರ್ನಾ ಸುರೆಟ್‌ಳ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ, ಅವಳು ರಾಪಿ ಎಂಬ ಅಡುಗೆಗೆಂದು ಆಲೂಗಡ್ಡೆ ತುರಿಯುತ್ತಿದ್ದಾಗ. ಮಹಡಿಯ ಕೋಣೆಯ ಬಾಡಿಗೆದಾರ ಆನ್ಸೆಲ್ ಮೆಲಾನ್ಸನ್ ನಗುತ್ತ ಇಳಿದು ಬಂದ.

"ಯಜಮಾನಿ, ನಾರ್ವೆಯಿಂದ ಒಬ್ಬ ಮೇಷ್ಟ್ರು ಬರೆದಿದಾನೆ. ನನ್ನ ಕೆಲಸದಲ್ಲಿ ಏಳು ತಪ್ಪು ಹಿಡಿದಿದಾನೆ!"

"ಅದಕ್ಕೆ ಹಲ್ಲು ಕಿರೀತೀಯಾ? ನನ್ನ ಗಂಡನಿಗೆ ಒಂದು ತಪ್ಪು ತೋರಿಸಿದ್ರೆ ಮೂರು ದಿನ ಮುಖ ಊದಿಸಿಕೊಂಡಿರ್ತಿದ್ದ."

"ಏಳಕ್ಕೂ ತೇಪೆ ಹಾಕಿ ಕಳಿಸಿದಾನೆ. ಪುಕ್ಕಟೆ!"

ಆನ್ಸೆಲ್ ಕಡವು ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವನು. ನಿಂತ ಜಾಗದಲ್ಲಿ ಸಮುದ್ರ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಫೋನಿನಲ್ಲಿ ಹೇಳುವ ಪ್ರೋಗ್ರಾಮೊಂದನ್ನು ಬರೆದು ಲೋಕಕ್ಕೆ ಬಿಟ್ಟಿದ್ದ. ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ದೂರು ಕೊಡಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಒಳಗೆ ಸೇರಿಸುವುದು. ಆನ್ಸೆಲ್‌ನ ತೇಪೆಗೂ ಅದೇ ಕಟ್ಟಳೆ.

ವರ್ನಾ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಊರಿನ ಇಗರ್ಜಿಯ ಹೆಂಗಸರು ಒಂದು ಕೌದಿ ಹೊಲಿಯಲು ಕೂತರೆ ಎರಡನೇ ವಾರಕ್ಕೆ ಜಗಳ ಏಳುತ್ತಿತ್ತು. ಒಬ್ಬರ ಮುಖ ಒಬ್ಬರು ಕಾಣದ ಈ ಜನ ಹೇಗೆ ಒಂದೇ ಬಟ್ಟೆ ಹೊಲಿಯುತ್ತಾರೆ? ಆ ಬೆರಗಿಗೇ ಅವಳು ದಿನಾ ಬೆಳಿಗ್ಗೆ ಚಹಾ ಹಿಡಿದು ಮಹಡಿ ಹತ್ತತೊಡಗಿದಳು. ಬಂದ ದೂರುಗಳನ್ನು ಅವನು ಗಟ್ಟಿಯಾಗಿ ಓದುತ್ತಿದ್ದ. ಒಮ್ಮೆ ಕೇಳಿದ್ದು ಅವಳ ತಲೆಯಿಂದ ಹೋಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಹೊಸ ಆವೃತ್ತಿ ಬಿಡುವ ಅವಸರ. ಆನ್ಸೆಲ್ ಒಂದೇ ಮಧ್ಯಾಹ್ನದಲ್ಲಿ ಮೂವತ್ತೊಂದು ದೂರುಗಳನ್ನು ಮುಚ್ಚಿದ. ಮರುದಿನ, ಸೋಮವಾರ, ಮೀಸೆ ತಿರುವುತ್ತ ಆ ಪಟ್ಟಿ ಓದಿದ.

"ತಾಳು, ಒಡೀಲ್ ಅನ್ನೋಳದ್ದೂ ಮುಚ್ಚಿದೆಯಾ? ನಾಲಿಗೆಯ ಆಚೆ ಬದೀಲಿ ಚಿಪ್ಪು ಅಗೆಯೋಳು?" ಸಮುದ್ರಕ್ಕೆ ಚಾಚಿಕೊಂಡ ಆ ನೆಲದ ಪಟ್ಟಿಯನ್ನು ಊರಿನವರು ಕರೆಯುತ್ತಿದ್ದದ್ದೇ ನಾಲಿಗೆ ಎಂದು.

"ಅದು ಹಳೇ ದೂರು ಕಣೇ. ಗಡಿಯಾರ ಒಂದು ಗಂಟೆ ತಪ್ಪೋದು. ಹೋದ ವರ್ಷಾನೇ ಸರಿ ಮಾಡಿದ್ವಲ್ಲ."

"ಅದು ಒಂದು ಗಂಟೆ. ಇವಳು ಬರೆದದ್ದು ನಲವತ್ತು ನಿಮಿಷ ಮುಂಚೆ ಬಂತು ಅಂತ. 'ಮೊಣಕಾಲು ಕೆಸರಲ್ಲಿತ್ತು, ನೀರು ಬೆನ್ನ ಹಿಂದಿನಿಂದ ಬಂತು' ಅಂದಿದ್ಲು. ಮುಚ್ಚಿದೆ ಅಂದ್ರೆ ಸರಿಹೋಯ್ತು ಅಂತ ತಾನೇ ಅವಳು ತಿಳಿಯೋದು? ಶನಿವಾರ ಅಮಾವಾಸ್ಯೆ ಉಬ್ಬರ, ಮಾರಾಯ. ನಿನ್ನ ಮಾತು ನಂಬಿ ಮತ್ತೆ ಇಳೀತಾಳೆ!"

ಆನ್ಸೆಲ್ ತಟ್ಟನೆ ಪರದೆಯತ್ತ ತಿರುಗಿದ. ದೂರನ್ನು ಮತ್ತೆ ತೆರೆದ. ಕೆಸರಿಗೆ ಇಳಿಯಬೇಡ ಎಂದು ಒಡೀಲ್‌ಳಿಗೆ ಬರೆದ. ಆದರೆ ತಪ್ಪು ಎಲ್ಲಿದೆಯೆಂದು ಎಷ್ಟು ತಡಕಿದರೂ ಸಿಗಲಿಲ್ಲ.

"ಅವಳು ನಿಂತ ಜಾಗಕ್ಕೆ ಯಾವ ಬಂದರಿನ ನೀರಿನ ಲೆಕ್ಕ ಹಿಡೀಬೇಕು ಅಂತ ಈ ಡಬ್ಬಿ ಹೇಗೆ ಆರಿಸುತ್ತೆ?" ವರ್ನಾ ಕೇಳಿದಳು.

"ಹತ್ತಿರದ್ದನ್ನ. ಹಕ್ಕಿ ಹಾರೋ ಲೆಕ್ಕದಲ್ಲಿ."

"ನೀರು ಹಕ್ಕಿಯೇನೋ? ಹಕ್ಕಿ ಗುಡ್ಡ ಹಾರಿ ಈಚೆ ಬಂದರಿಗೆ ಬಂದುಬಿಡುತ್ತೆ. ನೀರು ನಾಲಿಗೆ ತುದಿ ಸುತ್ತಿ ಬರಬೇಕು. ಆಚೆ ಮೊದಲು ತಿರುಗುತ್ತೆ, ಈಚೆ ಆಮೇಲೆ. ನನ್ನ ಗಂಡ ಎರಡೂ ಕಡೆ ಚಿಪ್ಪು ಅಗೆದವನು."

ಆನ್ಸೆಲ್ ಕೂಡಲೇ ಅವಳ ಮಾತನ್ನು ಅವಳ ಹೆಸರು ಹಾಕಿಯೇ ಎಲ್ಲರಿಗೂ ಬರೆದ.

ಮಾರನೇ ದಿನ ಚಿಲಿ ದೇಶದ ವಿದ್ಯಾರ್ಥಿನಿಯೊಬ್ಬಳು ತೇಪೆ ಕಳಿಸಿದಳು: ದೂರ ಅಳೆಯುವಾಗ ನೆಲ ದಾಟಬಾರದು, ನೀರಿನಲ್ಲೇ ಸುತ್ತಬೇಕು. ನಾರ್ವೆಯ ಮೇಷ್ಟ್ರು ಎರಡು ಸಲ ಹಿಂದಕ್ಕೆ ಕಳಿಸಿದ. ದ್ವೀಪಗಳನ್ನು ಮರೆತಿದ್ದೀಯೆ ಎಂದ. ಅವಳು ಬೇಸರಿಸಲಿಲ್ಲ, ಥ್ಯಾಂಕ್ಸ್ ಹೇಳಿ ಬಿಚ್ಚಿ ಮತ್ತೆ ಹೊಲಿದಳು. ಗುರುವಾರಕ್ಕೆ ಒಪ್ಪಿಗೆ ಸಿಕ್ಕಿತು. ಈ ಕೆಸರನ್ನು ಕಾಣದ ಒಬ್ಬಳು, ಒಡೀಲ್ ಯಾರೆಂದೇ ಅರಿಯದ ಒಬ್ಬ! ಎಂದುಕೊಂಡಳು ವರ್ನಾ.

ಶನಿವಾರ ಒಡೀಲ್ ಕೆಸರಿಗೆ ಇಳಿಯದೆ ಬಂಡೆಯ ಮೇಲೆ ನಿಂತು ಕಾದು, ಎರಡೇ ಸಾಲು ಬರೆದಳು: "ಹೇಳಿದ ಗಳಿಗೆಗೇ ನೀರು ತಿರುಗಿತು. ಈಗ ಮುಚ್ಚಿ." ವರ್ನಾ ಶಿಲುಬೆಯ ಗುರುತು ಮಾಡಿಕೊಂಡಳು.

ಈ ದೂರಿನ ಕಥೆಯನ್ನು ಎಲ್ಲರಿಗಾಗಿ ಬರೆದುಕೊಡಬೇಕೆಂದು ಆ ಜನ ವರ್ನಾಳನ್ನೇ ಕೇಳಿದರು. ಅವಳು ಎರಡು ತಿಂಗಳು ತಿಣುಕಿ ಒಂದು ಹಾಳೆ ತುಂಬಿಸುವಷ್ಟರಲ್ಲಿ ಆನ್ಸೆಲ್‌ನ ಹೃದಯ ಕೈಕೊಟ್ಟಿತ್ತು. ಹಾಳೆ ಹಿಡಿದು ಆಸ್ಪತ್ರೆಗೆ ಹೋದಳು. ಅವನು ಕನ್ನಡಕ ಏರಿಸಿ ನಿಧಾನವಾಗಿ ಓದಿದ.

"'ದೂರು ಹೇಗೋ ಮುಚ್ಚಿಹೋಗಿತ್ತು.' ಇದೇನು ಯಜಮಾನಿ, ಗಾಳಿಗೆ ಬಾಗಿಲು ಮುಚ್ಚಿಕೊಂಡ ಹಾಗೆ?"

"ಹಾಸಿಗೆ ಹಿಡಿದಿದೀಯ. ನಿನ್ನ ಹೆಸರು ಯಾಕೆ ಕೆಡಿಸಲಿ?"

"ನಾಳೆ ನನ್ನ ಕುರ್ಚಿಲಿ ಕೂರೋರು ಇದನ್ನ ಓದ್ತಾರೆ. ಅವರಿಗೂ ಅವಸರ ಇರುತ್ತೆ." ಅವನು ಹಾಳೆಯನ್ನು ಅವಳ ಕೈಗೆ ಕೊಟ್ಟ. "ಮುಚ್ಚಿದ್ದು ಆನ್ಸೆಲ್ ಮೆಲಾನ್ಸನ್ ಅಂತ ಬರಿ. ಪೂರ್ತಿ ಓದದೆ ಮುಚ್ಚಿದ, ಅದನ್ನೂ ಬರಿ."