ಕ್ಯಾಥೋಡಿಗೆ ಹಚ್ಚಿದ ಕುಂಕುಮ

ತೊಂಬತ್ತರ ದಶಕದ ಕೊನೀಗೆ ಧಾರವಾಡದ ಒಂದು ಕಾಲೇಜಿನ ಲ್ಯಾಬಿನಾಗ ಕುಂತು ನಾನು ಗೈರೋಟ್ರಾನ್ ಮಾಡಾಕತ್ತಿದ್ದೆ. ಕೇಳದವರಿಗೂ ಬಿಡಿಸಿ ಹೇಳಾಕ ನನಗ ಭಾಳ ಹುರುಪು. ಒಳಗಿನ ಗಾಳಿ ತಗದ ಒಂದು ಲೋಹದ ಕೊಳವಿ. ತುದಿಯಾಗಿನ ಕ್ಯಾಥೋಡ್ ಕಾಸಿದ್ರ ಎಲೆಕ್ಟ್ರಾನು ಹೊಂಡತಾವು, ಸುತ್ತಲಿನ ಅಯಸ್ಕಾಂತ ಅವನ್ನ ಗಿರಿಗಿರಿ ತಿರಗಸತೈತಿ, ಆ ತಿರುಗಾಟದಾಗ ಮೈಕ್ರೋವೇವ್ ಹುಟ್ಟತಾವು. ಮಂದಿ ಇದಕ್ಕ ಹತ್ತಾರು ಸಾವಿರ ವೋಲ್ಟ್ ಕೊಡತಾರ. ನಾನು ಅದರಾಗಿನ ಸ್ವಲ್ಪದಾಗ ಮುಗಸ್ತೇನಿ ಅಂತ ಹಟ ಹಿಡದಿದ್ದೆ. ಬೆಂಗೇರಿಯ ನಮ್ಮ ಮಾವ, "ಕಡಿಮಿ ವೋಲ್ಟೇಜಿಗೆ ಪಿಎಚ್‌ಡಿ ಯಾಕಪಾ, ನಮ್ಮ ಮನ್ಯಾಗ ದಿನಾ ಸಂಜಿಗೆ ಬರತೈತಿ" ಅಂದ್ರು. ಮನಿ ಮಂದಿ ಎಲ್ಲಾ ನಕ್ರು. ನನಗ ಸಿಟ್ಟು ಬಂತು.

ವೋಲ್ಟೇಜ್ ಇಳಿಸಿದ್ರ ಎಲೆಕ್ಟ್ರಾನು ಒಂದೊಂದು ಒಂದೊಂದು ವೇಗಕ್ಕ ಓಡತಾವು. ಅವನ್ನ ಸಾಲಿಗೆ ತರೂದು ನನ್ನ ಮೂರು ವರ್ಷದ ಲೆಕ್ಕ. ಒಳಗಿನ ತಾಮ್ರದ ಭಾಗ ಗೋಕುಲ ರಸ್ತೆಯ ಲೇಥ್‌ನವರು ಮೂರ ಸಲ ಕೆಡಿಸಿ, ನಾಕನೇ ಸಲ ಕೂದಲೆಳಿ ತಪ್ಪದಂಗ ಕೊರದು ಕೊಟ್ಟಿದ್ರು. ಕ್ಯಾಥೋಡ್ ಮಾತ್ರ ಹೊರಗಿಂದ ತರಿಸಿದ್ದು, ಇದ್ದದ್ದು ಒಂದ. ದಸರಾ ಮುಗದು ಮೂರು ವಾರಕ್ಕ ಕಮಿಟಿ ಬರೂದಿತ್ತು. ಅವರ ಮುಂದ ಕೊಳವಿ ನಡದ್ರ ನನ್ನ ಪಿಎಚ್‌ಡಿ ಉಳೀತು, ಇಲ್ಲಾಂದ್ರ ಮನೀಗೆ ಹೋಗೂದು.

ನಮ್ಮ ಲ್ಯಾಬಿನ ಅಟೆಂಡರ್ ಕಾಕಾ ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬರತಿದ್ರು. ಖಂಡೇನವಮಿಗೆ ಎಲ್ಲಾ ಯಂತ್ರಕ್ಕ ಕುಂಕುಮ ಹಚ್ಚಿ ಕಾಯಿ ಒಡಿಯೂದು ಅವರ ಪಾಲಿನ ಕೆಲಸ. ಆ ವರ್ಷ ನಾನು ಅವರನ್ನ ನಿಂದರಿಸಿ ಅರ್ಧಾ ತಾಸು ಭಾಷಣ ಬಿಗದೆ. "ಕಾಕಾ, ಇದು ವಿಜ್ಞಾನ. ಬೆರಳಿನ ಜಿಡ್ಡು ತಾಗಿದ್ರೂ ಕ್ಯಾಥೋಡ್ ಸಾಯತೈತಿ. ಅದನ್ನಿಟ್ಟ ಗಾಜಿನ ಡಬ್ಬಿ ಹತ್ರ ಹಾಯಬ್ಯಾಡ್ರಿ."

"ಆತ್ರಿ ಸಾಹೇಬ್ರ" ಅಂದ ಕಾಕಾ ಅತ್ಲಾಗಿನ ಯಂತ್ರಕ್ಕಷ್ಟ ಪೂಜಿ ಮಾಡಿ, ಕುಂಕುಮದ ಬಟ್ಟಲಾ ಅಲ್ಲೇ ಇಟ್ಟು, ಪ್ರಸಾದ ಹಂಚಾಕ ಹೋದ್ರು.

ಖೋಲ್ಯಾಗ ನಾನೊಬ್ಬನ ಉಳದೆ. ಕಮಿಟಿ ನೆನಪಾತು. ಎಲ್ಲಾದಕ್ಕೂ ಹಚ್ಚಿ ಇದೊಂದನ್ನ ಬಿಟ್ರ ಹೆಂಗೋ ಏನೋ ಅನಿಸ್ತು. ಬಾಗಿಲಾ ಮುಂದ ಮಾಡಿ, ಡಬ್ಬಿ ತಗದು, ಕ್ಯಾಥೋಡಿನ ಹಿಡಿಕಿ ಹಿಂದ, ಕಾಣದಂಗ, ಸಾಸಿವಿ ಕಾಳಿನಷ್ಟು ಕುಂಕುಮ ಹಚ್ಚಿದೆ. ಇಷ್ಟಕ್ಕೇನೂ ಆಗೂದಿಲ್ಲ ಅಂತ ಮನಸ್ಸಿನಾಗ ಲೆಕ್ಕಾನೂ ಹಾಕಿದೆ. ಲೆಕ್ಕದಾಗ ನಾ ಭಾಳ ಶಾಣ್ಯಾ.

ಕಮಿಟಿ ಬಂತು, ಮಿರ್ಚಿ-ಗಿರಮಿಟ್ ತಿಂತು. ಕೊಳವ್ಯಾಗ ಕೂಡಿಸಿದ ಕ್ಯಾಥೋಡ್ ಕಾಸಿ ವೋಲ್ಟೇಜ್ ಕೊಟ್ವಿ. ಮೀಟರಿನ ಮುಳ್ಳು ಮಿಸುಕಲಿಲ್ಲ. ಒಬ್ಬ ಹಿರಿಯರು ಮಿರ್ಚಿ ಛಲೋ ಆಗ್ಯಾವು ಅಂದ್ರು. ಮರುದಿನ ಕಮಿಟಿ ಮುಂದನ ಬಿಚ್ಚಿ ನೋಡಿದ್ರ ಹಿಡಿಕಿ ಮ್ಯಾಲ ಸುಟ್ಟ ಕಲಿ, ಅಂಚಿಗೆ ಇನ್ನೂ ಕೆಂಪು. ಕುಂಕುಮ ಕಾದು ಬಿಟ್ಟ ಹೊಗಿಗೆ ಕ್ಯಾಥೋಡ್ ಸತ್ತಿತ್ತು.

"ಯಾರ ಕೆಲಸ ಇದು?" ಅಂದ್ರು ನಮ್ಮ ಗೈಡ್. ಎಲ್ಲಾರೂ ಕಾಕಾನ ಕಡೆ ನೋಡಿದ್ರು. ನಾನೂ ನೋಡಿದೆ.

ಕಾಕಾನ ಮಾರಿ ಸಪ್ಪಗಾತು. "ಡಬ್ಬಿ ಮುಚ್ಚಳಾ ಸಡ್ಲ ಇತ್ತೇನೋ, ಕುಂಕುಮ ಹಾರಿ ಬಿದ್ದಿರಬೇಕ್ರಿ. ನಂದ ತಪ್ಪಾತ್ರಿ" ಅಂದ್ರು. ಖರೇನ ಹಂಗಂತ ನಂಬಿದ್ರು ಅವರು. ವಿನ್ಯಾಸದ ದೋಷ ಅಲ್ಲಲ್ಲ ಅಂತ ಕಮಿಟಿ ನನಗ ಇನ್ನೊಂದು ವರ್ಷ, ಇನ್ನೊಂದು ಕ್ಯಾಥೋಡ್ ಕೊಡ್ತು. ಕಾಕಾನ್ನ ಸೈಕಲ್ ಸ್ಟ್ಯಾಂಡಿಗೆ ಹಾಕಿದ್ರು. ನಾ ಹೊಸ ಕ್ಯಾಥೋಡಿನ ಅರ್ಜಿ ತುಂಬಾಕ ಕುಂತೆ.

ಮುಂದಿನ ವರ್ಷ ಕೊಳವಿ ನಡೀತು. ಪ್ರಬಂಧ ಬರದೆ, ಲೇಥಿನವರಿಗೂ ಧನ್ಯವಾದ ಹೇಳಿದೆ. ಮೊದಲನೇ ಪ್ರಯೋಗ ಅಟೆಂಡರನ ಅಜಾಗರೂಕತೆಯಿಂದ ಕೆಟ್ಟಿತು ಅಂತ ಇಂಗ್ಲಿಷಿನಾಗ ಒಂದ ಸಾಲು ಹಾಕಿದೆ.

ಆ ದಸರಾಕ್ಕ ಕಾಕಾ ಬನ್ನಿ ಎಲಿ ಹಿಡಕೊಂಡು ಬಂದ್ರು. ಕೈಯಾಗಿಟ್ಟು, "ಸಾಹೇಬ್ರ, ನಿಮ್ಮ ಪುಸ್ತಕದಾಗ ನನ್ನ ಸುದ್ದಿನೂ ಬಂದೈತಂತ, ಕ್ಲರ್ಕ್ ಹೇಳಿದ. ಖರೇನ?" ಅಂದ್ರು.

"ಖರೇ ಕಾಕಾ."

"ಅಷ್ಟ ನುಕ್ಸಾನ ಮಾಡಿದ್ರೂ ನೆನಸೀರಲ್ರಿ" ಅಂತ ನನ್ನ ಕಾಲು ಮುಟ್ಟಾಕ ಬಗ್ಗಿದ್ರು.

ಬನ್ನಿ ಕೊಟ್ಟು ದೊಡ್ಡವರ ಕಾಲು ಮುಟ್ಟೂದು ಸಣ್ಣವರ ರೂಢಿ. ಕಾಕಾ ನಮ್ಮಪ್ಪನ ವಾರಿಗಿಯವರು. ನಾಚಿಕಿಗೆ ಮೈ ಸುಟ್ಟಂಗಾತು, ಆದರೂ ನಾ ಹಿಂದ ಸರೀಲಿಲ್ಲ.